ಅಪ್ಪನ ಎಡಗೈ

ಆಗೆಲ್ಲ ಜೋರಾಪುರ ಪೇಟೆಯ ನಮ್ಮ ಓಣಿಯಲ್ಲಿ ಸ್ಪೀಕರಿನಲ್ಲಿ ಒಳ್ಳೆಯ ಬೇಸ್ ಎಂದರೆ ಅಡುಗೆಮನೆಯ ತಾಟುಗಳು ನಡುಗಬೇಕು, ಅಷ್ಟೇ. ಲಗ್ನದ ಮನೆಗಳಿಗೆ ಸ್ಪೀಕರ್ ಬಾಡಿಗೆ ಕೊಡುತ್ತಿದ್ದ ಕಾಕಾನಿಗಂತೂ ಅದೇ ಧರ್ಮ. ಗಾಂಧಿ ಚೌಕದಿಂದ ದೊಡ್ಡದೊಂದು ಸ್ಪೀಕರ್ ತಂದು, ಪ್ಲೈವುಡ್ ಕೊಯ್ದು, ಅಂಟಿನ ವಾಸನೆ ಹೊಡೆಯುವ ವೂಫರ್ ಪೆಟ್ಟಿಗೆ ಮಾಡಿ ನಮ್ಮ ಪಡಸಾಲೆಯ ಮೂಲೆಯಲ್ಲಿ ಕೂರಿಸಿದ. ಅದು ಅಪ್ಪನಿಗಾಗಿ.

ಅಪ್ಪ ಸಾರವಾಡದ ಭಜನಾ ಮೇಳದಲ್ಲಿ ತಬಲಾ ಬಾರಿಸುತ್ತಿದ್ದ. ಲಕ್ವಾ ಹೊಡೆದು ಎಡಗೈ ಬಿದ್ದುಹೋಯಿತು. ಉಳಿದದ್ದು ಮೇಳದ ಒಂದೇ ಒಂದು ಕ್ಯಾಸೆಟ್. ನಮ್ಮ ಸಣ್ಣ ಟೇಪಿನಲ್ಲಿ ಹಾಕಿದರೆ ಬಲಗೈಯ ಟಿಕಿಟಿಕಿ ಮಾತ್ರ ಕೇಳುತ್ತಿತ್ತು. ಎಡಗೈಯಿಂದ ಬಾರಿಸುವ ದಪ್ಪ ದನಿಯ ಡಗ್ಗಾ ಇಲ್ಲವೇ ಇಲ್ಲ. ಅಪ್ಪನಿಗೆ ಬೇಕಾಗಿದ್ದದ್ದು ಅದೊಂದೇ.

ಕಾಕಾ ಟೇಪನ್ನು ಪೆಟ್ಟಿಗೆಗೆ ಜೋಡಿಸಿ, ಕ್ಯಾಸೆಟ್ ಹಾಕಿ ಗುಂಡಿ ತಿರುವಿದ. ಕಿಟಕಿ ಗದಗದ ಎಂದಿತು, ನಾನು ಕುಣಿದೆ.

"ಹ್ಯಾಂಗ ಐತಿ ಯಣ್ಣಾ?"

"ಗುಡುಗು ಗುಡುಗಿಧಂಗ ಐತಿ. ಅದರಾಗ ನಾ ಎಲ್ಲಿ ಅದೀನೋ?"

ಕಾಕಾನ ಮುಖ ಸಣ್ಣದಾಯಿತು.

ಸುಗ್ಗಿ ಮುಗಿದು ಹೊಲದಿಂದ ಐದು ಚೀಲ ಜೋಳ ಬಂತು. ಅವ್ವ ಬೈಯುತ್ತಲೇ ಪೆಟ್ಟಿಗೆಯನ್ನು ಈಚೆಗೆ ಎಳೆದು, ಆ ಮೂಲೆಯಲ್ಲಿ ಚೀಲ ಒಟ್ಟಿಸಿದಳು. ಅಂದು ಸಂಜೆ ಹೊಸ ಜೋಳದ ರೊಟ್ಟಿ ಉಣ್ಣುವಾಗ ನಾನು ಕ್ಯಾಸೆಟ್ ಹಾಕಿದೆ. ಗುಂಯ್‌ಗುಡುವುದು ನಿಂತಿತ್ತು. ಡಗ್ಗಾದ ಒಂದೊಂದು ಪೆಟ್ಟೂ ಬೇರೆಬೇರೆಯಾಗಿ ಕೇಳಿತು. ಅಂಗೈ ಚರ್ಮದ ಮೇಲೆ ಜಾರಿದ್ದೂ ಕೇಳಿತು. ಅಪ್ಪ ಬಾಯಲ್ಲಿನ ತುತ್ತು ನುಂಗುವುದನ್ನೇ ಮರೆತ.

"ಕೇಳವಾ, ಕೇಳು! ಇಲ್ಲಿ ತಪ್ಪೇನಿ ನೋಡು. ಮೇಳದಾಗ ಒಬ್ಬರಿಗೂ ಗೊತ್ತಾಗಿದ್ದಿಲ್ಲ!"

ತನ್ನ ತಪ್ಪು ಕೇಳಿ ಅಷ್ಟು ಹಿಗ್ಗಿದವರನ್ನು ನಾನು ಮತ್ತೆ ಕಂಡಿಲ್ಲ. ಆ ಬೇಸಿಗೆಯೆಲ್ಲ ದಿನಾ ಕೇಳಿದೆವು. ಅವ್ವ ಆ ಸತ್ತ ಕೈಗೆ ಎಣ್ಣೆ ತಿಕ್ಕುತ್ತ ಪಕ್ಕದಲ್ಲಿ ಕೂರುತ್ತಿದ್ದಳು.

ಮೊದಲ ಮಳೆಯ ಹೊತ್ತಿಗೆ ಅಪ್ಪ ಹೋದ. ಬಂದ ಬಳಗಕ್ಕೆಲ್ಲ ರೊಟ್ಟಿಯಾಗಬೇಕಲ್ಲ, ಉಳಿದ ಚೀಲಗಳೂ ಗಿರಣಿಗೆ ಹೋದವು. ಜನ ಕೂರಲೆಂದು ಯಾರೋ ಪೆಟ್ಟಿಗೆಯನ್ನು ಮತ್ತೆ ಮೂಲೆಗೆ ತಳ್ಳಿದರು. ಎಲ್ಲರೂ ಊರಿಗೆ ಹೋದ ಮೇಲೆ ಅವ್ವ ಕ್ಯಾಸೆಟ್ ಹಾಕು ಎಂದಳು. ಬರೀ ಗುಂಯ್. ಕಾಕಾ ಗುಂಡಿ ತಿರುವಿ ತಿರುವಿ ಸೋತ. ಅವ್ವ ಪೆಟ್ಟಿಗೆಗೆ ಕಿವಿ ಹಚ್ಚಿ ಬಹಳ ಹೊತ್ತು ಕುಳಿತಳು.

"ಬಂದ್ ಮಾಡು. ತಮ್ಮ ಕೈ ತಾವ ಒಯ್ದಾರ."

ಮರುದಿನ ಅಪ್ಪನ ಹಾಸಿಗೆ, ಬಟ್ಟೆಗಳ ಜೊತೆ ಆ ಕ್ಯಾಸೆಟ್ಟನ್ನೂ ಡೋಣಿ ಹೊಳೆಗೆ ಬಿಟ್ಟಳು. ನಾನು ತಡೆಯಲಿಲ್ಲ. ನನಗೂ ಹಾಗೇ ಅನ್ನಿಸಿತ್ತು.

ಹೋದ ತಿಂಗಳು ನಮ್ಮ ಮನೆಗೆ ಹೋಮ್ ಥಿಯೇಟರ್ ತಂದೆವು. ಕೂರಿಸಲು ಬಂದ ಮೆಕ್ಯಾನಿಕ್, "ವೂಫರ್ ಮೂಲ್ಯಾಗ ಇಡಬ್ಯಾಡ್ರಿ ಅಕ್ಕಾರ, ಬೇಸ್ ಎಲ್ಲಾ ಕಲಸಿ ಗುಂಯ್ ಅಂತದ. ಈ ಕಡೆ ಜಗ್ಗಿ, ಮೂಲ್ಯಾಗ ದಪ್ಪಂದು ಏನರ ಇಡ್ರಿ," ಎಂದ. ನಾನು ಮೂಲೆಯಿಂದ ಈಚೆಗೆ ನೆಲದ ಮೇಲೆ ಮೊಳ ಹಾಕಿ ನೋಡತೊಡಗಿದೆ. ಒಳಗಿನಿಂದ ಚಹಾ ತಂದ ಅವ್ವ, "ಯಾಕವಾ, ಏನಾತು?" ಎಂದಳು. ಏನಿಲ್ಲ ಎಂದೆ.

ಈಗ ಯಾರ ತಬಲಾ ಹಾಕಿದರೂ ಡಗ್ಗಾ ಬೆರಳು ಬೆರಳಾಗಿ ಕೇಳುತ್ತದೆ. ಅಪ್ಪನದೊಂದು ಇಲ್ಲ. ಗಂಡ ತನ್ನ ಕೈಯನ್ನು ತಾನೇ ಒಯ್ದ ಎಂದು ಅವ್ವ ಇವತ್ತಿಗೂ ನಂಬಿದ್ದಾಳೆ, ನಂಬಿಕೊಂಡೇ ಇರಲಿ. ಅವತ್ತು ಆ ಪೆಟ್ಟಿಗೆಯನ್ನು ಎರಡು ಮೊಳ ಈಚೆಗೆ ಎಳೆದಿದ್ದರೆ ಸಾಕಿತ್ತು.