ಬುಧವಾರ ಬ್ಯಾಡ ಅಂದದ್ದು

ನಮ್ಮ ಎಂ.ಸಿ.ಸಿ. ಬಡಾವಣೆಯ ಕಾಲೇಜು ಹುಡುಗ ಹುಡುಗಿಯರ ಗುಂಪೊಂದು ಗೋಕರ್ಣಕ್ಕೆ ಹೋಗಿ ಸಮುದ್ರ ನೋಡಿ ಬರಬೇಕೆಂದು ನಿಶ್ಚಯಿಸಿತು. ಮನೆಯವರ ಮುಂದೆ ಕೈಚಾಚದೆ ತಾವೇ ದುಡಿದು ಹೋಗಬೇಕೆಂಬ ಹಟ. ಶನಿವಾರ ಸಂಜೆ ನಿಮ್ಮ ಮಕ್ಕಳನ್ನು ನಮ್ಮ ಹತ್ತಿರ ಬಿಡಿ, ರಾತ್ರಿ ಊಟದ ಹೊತ್ತಿನ ತನಕ ನೋಡಿಕೊಳ್ಳುತ್ತೇವೆ, ಏನೋ ಸ್ವಲ್ಪ ಕೊಡಿ ಎಂದು ಮನೆಮನೆಗೆ ಬಂದು ಹೇಳಿದರು. ನಮ್ಮ ಮನೆಗೆ ಬಂದವಳು ಬಟ್ಟೆ ವ್ಯಾಪಾರಿಯೊಬ್ಬರ ಮಗಳು. ಅವರ ಅಂಗಡಿ ಮೇಲಿನ ಖಾಲಿ ಹಾಲ್‌ನಲ್ಲೇ ಇದೆಲ್ಲ ನಡೆಯುವುದಿತ್ತು.

“ಮನೆಯಾಗೆ ಅಜ್ಜಿ ಇರುವಾಗ ದುಡ್ಡು ಕೊಟ್ಟು ಕೂಸು ಬಿಡೋದು ಎಲ್ಲಾದ್ರೂ ಐತೇನು?” ಎಂದರು ನಮ್ಮತ್ತೆ.

ಅತ್ತೆ ಬೇಡವೆಂದದ್ದಕ್ಕೇ ನಾನು ಹೂಂ ಅಂದೆ. ನನ್ನ ಸ್ವಭಾವವೇ ಹಾಗೆ. ಆದರೆ ಒಳಗೊಳಗೇ ಪುಕಪುಕ. ನನ್ನ ಮಗಳಿಗೆ ಐದು ತುಂಬಿದ್ದರೂ ಆಡುವುದು ನಾಲ್ಕಾರು ಮಾತು. ಗದ್ದಲ ಹೆಚ್ಚಾದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾಳೆ. ಬೀದಿಯ ಮಕ್ಕಳು ಅವಳನ್ನು ಆಟಕ್ಕೆ ಕರೆಯುವುದಿಲ್ಲ, ಅವಳೂ ಹೋಗುವುದಿಲ್ಲ. ಇದನ್ನೆಲ್ಲ ಹೇಳಿದಾಗ ಆ ಹುಡುಗಿ, “ಇರ್ಲಿ ಬಿಡ್ರಿ ಆಂಟಿ, ಕರ್ಕೊಂಬರ್ರಿ” ಎಂದಳು.

ಮೊದಲ ಶನಿವಾರ ಮಗಳನ್ನು ಬಿಟ್ಟು ಗಂಡನ ಜೊತೆ ಪಿ.ಜೆ. ಬಡಾವಣೆಯಲ್ಲಿ ಕಾಫಿಗೆ ಕೂತೆ. ಎಷ್ಟೋ ವರ್ಷಕ್ಕೆ ಇಬ್ಬರೇ ಹೊರಗೆ ಬಂದಿದ್ದೆವು, ಮಾತಾಡಲು ಮಾತ್ರ ಏನೂ ಇರಲಿಲ್ಲ. ಇಬ್ಬರ ಕಣ್ಣೂ ಫೋನಿನ ಮೇಲೆ. ಕೊನೆಗೆ ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆವು. ಮೆಟ್ಟಿಲು ಹತ್ತಿ ನೋಡಿದರೆ ಮಕ್ಕಳು ರೈಲಾಟ ಆಡುತ್ತಿದ್ದರು. ಸಾಲಿನ ಕೊನೆಯಲ್ಲಿ, ಮುಂದಿನ ಹುಡುಗನ ಅಂಗಿ ಗಟ್ಟಿಯಾಗಿ ಹಿಡಿದುಕೊಂಡು, ನನ್ನ ಮಗಳು! ನಾನು ಬಾಗಿಲಲ್ಲೇ ನಿಂತು ಅತ್ತುಬಿಟ್ಟೆ. ಗಂಡ ಗೋಡೆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

ಕೆಲವು ವಾರ ಕಳೆದ ಮೇಲೆ ಆಟದ ನಡುವೆ ಯಾರೋ ಸೀಟಿ ಊದಿದರಂತೆ. ಮಗಳು ಕಿರುಚಿದಳು, ಹೆದರಿ ಸಣ್ಣ ಮಕ್ಕಳೆಲ್ಲ ಅತ್ತವು. ಮರುದಿನ ಆ ಹುಡುಗಿ ಮನೆಗೆ ಬಂದಳು. ಚಹಾ ಕೊಟ್ಟೆ, ಕುಡಿಯಲಿಲ್ಲ.

“ಆಂಟಿ, ಪಾಪುನ್ನ ಬುಧವಾರ ಕರ್ಕೊಂಬರ್ತೀರೇನ್ರಿ? ದುಡ್ಡು ಬ್ಯಾಡ.”

“ಬುಧವಾರ ಬೇರೆ ಮಕ್ಳು ಇರ್ತಾವೇನಮ್ಮ?”

ಅವಳು ತಲೆ ತಗ್ಗಿಸಿದಳು. “ಇಲ್ರಿ. ನಾವೇ ಇಬ್ರು ಇರ್ತೀವಿ. ಉಳಿದೋರ ಅಮ್ಮಂದಿರು... ಪಾಪು ಬಂದ್ರೆ ತಮ್ಮ ಮಕ್ಳನ್ನ ಕಳ್ಸಲ್ಲ ಅಂತಾರ.”

ನನಗೆ ಮೈಯೆಲ್ಲ ಉರಿಯಿತು. ಸಿಟ್ಟು ಬಂದದ್ದು ಆ ಅಮ್ಮಂದಿರ ಮೇಲೆ, ಹಾಯ್ದದ್ದು ಈ ಹುಡುಗಿಯ ಮೇಲೆ. “ದೊಡ್ಡೋರು ನಮ್ಮ ಮನೆಯಾಗೂ ಅದಾರೆ. ಅವಳಿಗೆ ಬೇಕಾಗಿರೋದು ಮಕ್ಳು. ಬುಧವಾರ ಬ್ಯಾಡ” ಎಂದುಬಿಟ್ಟೆ. ಅವಳು ಎದ್ದು ಹೋದಳು. ಅತ್ತೆ ತಣ್ಣಗಾದ ಚಹಾ ಎತ್ತಿ ಒಳಗಿಟ್ಟರು.

ಶನಿವಾರ ಮಧ್ಯಾಹ್ನ ಅವಳೇ ಫೋನ್ ಮಾಡಿದಳು. “ಆಂಟಿ, ಸಂಜೆ ಪಾಪು ಬರ್ಲಿ. ಸೀಟಿ ಊದಲ್ಲ.”

“ಮತ್ತೆ ಉಳಿದೋರು?”

“ಬರೋರು ಬರ್ತಾರ ಬಿಡ್ರಿ.”

ಆ ಸಂಜೆ ಮೆಟ್ಟಿಲ ಬಳಿ ಚಪ್ಪಲಿಗಳು ಅರ್ಧಕ್ಕರ್ಧ ಕಡಿಮೆ ಇದ್ದವು. ಕಂಡೂ ಕಾಣದವಳಂತೆ ಮಗಳನ್ನು ಬಿಟ್ಟು ಬಂದೆ. ಮುಂದಿನ ವಾರಗಳಲ್ಲಿ ಇನ್ನೂ ಕಡಿಮೆಯಾದವು. ರೈಲು ಗಿಡ್ಡವಾಯಿತು, ಮಗಳು ಕೊನೆಯಿಂದ ನಡುವಿಗೆ ಬಂದಳು. ಒಂದು ದಿನ ಮುಂದಿನ ಹುಡುಗನ ಹೆಸರು ಹಿಡಿದು ಕೂಗಿದಳು.

ರಜೆಯಲ್ಲಿ ಒಂದು ಬೆಳಿಗ್ಗೆ ಮಗಳ ಜೊತೆ ಬಸ್‌ಸ್ಟ್ಯಾಂಡಿಗೆ ಹೋಗಿದ್ದಾಗ ಆ ಗುಂಪು ಸಿಕ್ಕಿತು. ಎಲ್ಲರ ಹೆಗಲಲ್ಲೂ ಬ್ಯಾಗು, ಗಲಗಲ ನಗು.

“ಗೋಕರ್ಣದ ಬಸ್ ಎಷ್ಟೊತ್ತಿಗಮ್ಮ?” ಎಂದೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಹರಿಹರಕ್ಕೆ ಹೊಂಟೀವಿ ಆಂಟಿ” ಎಂದಳು ಅವಳು. “ಗುಡಿ ನೋಡಿ, ಹೊಳಿ ದಂಡಿ ಮ್ಯಾಲೆ ಊಟ ಮಾಡಿ ಸಂಜಿಗೆ ವಾಪಸ್.”

ಹರಿಹರ! ಹತ್ತಿ ಕೂತು ಟಿಕೆಟ್ ತೆಗೆಸುವುದರೊಳಗೆ ಬರುವ ಊರು. ಅವರಲ್ಲಿ ಯಾರೂ ಅದನ್ನು ನೋಡದವರಲ್ಲ. ಮೆಟ್ಟಿಲ ಬಳಿ ವಾರವಾರಕ್ಕೂ ಕಡಿಮೆಯಾದ ಚಪ್ಪಲಿಗಳು ನೆನಪಾದವು.

ಬಸ್ ಬಂತು. ಮಗಳು ಅವಳ ದುಪಟ್ಟಾ ಹಿಡಿದು ಬಿಡಲೊಲ್ಲಳು. ಬೆರಳು ಒಂದೊಂದಾಗಿ ಬಿಡಿಸಿಕೊಂಡು ಅವಳು ಹತ್ತಿದಳು. ಥ್ಯಾಂಕ್ಸ್ ಅನ್ನಬೇಕೆಂದು ಬಾಯಿ ತೆರೆದೆ. ನನ್ನ ಮಗಳು ನಾಲ್ಕು ಮಕ್ಕಳ ಜೊತೆ ಆಡಿದ್ದಕ್ಕೆ ನಾನು ಯಾರಿಗಾದರೂ ಯಾಕೆ ಥ್ಯಾಂಕ್ಸ್ ಹೇಳಬೇಕು ಎನಿಸಿ ಮಗಳ ಕೈ ಹಿಡಿದುಕೊಂಡೆ. ಬಸ್ ಹೊರಟಿತು. ನಾನು ಹೇಳಲೇ ಇಲ್ಲ.