ಹಾಳೆಯ ಉಲ್ಟಾ ಮಗ್ಗಲು

ರಾಯಚೂರಿನ ಅಂಧ ಮಕ್ಕಳ ಶಾಲೆಯೊಂದರಲ್ಲಿ ನಾನು ಕಲಿಸುವುದು ಚಿತ್ರ. ಇದನ್ನು ಹೇಳಿದರೆ ಆಟೋದವನಿಂದ ಹಿಡಿದು ನೆಂಟರವರೆಗೆ ಎಲ್ಲರದೂ ಒಂದೇ ಪ್ರಶ್ನೆ: "ಕಣ್ಣಿಲ್ಲದ ಮಕ್ಕಳಿಗೆ ಚಿತ್ರ ಯಾಕ್ರೀ?" ಮೊದಮೊದಲು ಕೂರಿಸಿಕೊಂಡು ವಿವರಿಸುತ್ತಿದ್ದೆ. ಈಗ "ನೋಡಾಕ" ಎಂದಷ್ಟೇ ಹೇಳುತ್ತೇನೆ.

ನಮ್ಮ ಸಾಮಾನು ಬಹಳ ಇಲ್ಲ. ಒಂದು ರಬ್ಬರ್ ಹಾಸು, ದಪ್ಪ ಹಾಳೆ, ದರ್ಜಿಗಳು ಬಟ್ಟೆಗೆ ಗುರುತು ಹಾಕುವಂಥ ಹಲ್ಲಿನ ಚಕ್ರ. ಹಾಸಿನ ಮೇಲೆ ಹಾಳೆಯಿಟ್ಟು ಚಕ್ರ ಒತ್ತಿ ಎಳೆದರೆ ಹಾಳೆಯ ಆ ಕಡೆ ಚುಕ್ಕೆಗಳ ಗೆರೆ ಉಬ್ಬುತ್ತದೆ. ಬರೆಯುವುದು ಒಂದು ಮಗ್ಗಲು, ಬೆರಳಿಟ್ಟು ಓದುವುದು ಇನ್ನೊಂದು ಮಗ್ಗಲು. ಎಡಕ್ಕೆ ಬರಬೇಕಾದ್ದನ್ನು ಬಲಕ್ಕೆ ಬರೆಯಬೇಕು. ಬ್ರೈಲ್ ಅಕ್ಷರವನ್ನೂ ಹೀಗೇ ಚುಚ್ಚಿ ಬರೆಯುವ ಮಕ್ಕಳಿಗೆ ಇದು ರೂಢಿ. ಹಾಗಾಗಿ ನಮ್ಮ ತರಗತಿಯಲ್ಲಿ 'ಉಲ್ಟಾ' ಎಂದರೆ ಮೆಚ್ಚುಗೆ. 'ಸೀದಾ ಬರದೀ' ಎಂದರೆ ಬೈಗುಳ.

ನಾನು ಹೇಳಹೊರಟಿರುವ ಹುಡುಗಿ ದೇವದುರ್ಗದ ಕಡೆಯ ಹಳ್ಳಿಯವಳು, ಮಹಾ ವಾದಗಾರ್ತಿ. ಪಠ್ಯಪುಸ್ತಕದ ಮನೆಯ ಚಿತ್ರವನ್ನು ಉಬ್ಬುಗೆರೆಯಲ್ಲಿ ಮಾಡಿ ಕೊಟ್ಟಾಗ ಮೇಲಿನ ತ್ರಿಕೋನಕ್ಕೆ ಬೆರಳಿಟ್ಟು, "ಇದು ಡೇರೆ ಏನ್ರೀ ಟೀಚರ್?" ಎಂದಿದ್ದಳು.

"ಮನಿ ಅದ."

"ಮನಿ ಮ್ಯಾಲ ಹಿಂಗ ಚೂಪ ಇದ್ರ ಮೆಣಸಿನಕಾಯಿ ಎಲ್ಲಿ ಒಣಗಸ್ತಾರ್ರೀ?"

ಅವತ್ತೇ ಆ ತ್ರಿಕೋನವನ್ನು ತೆಗೆದುಹಾಕಿ ಸಪಾಟು ಮಾಳಿಗೆಯ ಮನೆ ಮಾಡಿದೆ.

ನಮ್ಮಲ್ಲಿ ಏಳನೆಯ ತರಗತಿಯವರೆಗೆ ಮಾತ್ರ. ಎಂಟನೆಯದಕ್ಕೆ ಅವಳು ಮಾನ್ವಿಯ ಚಿಕ್ಕಮ್ಮನ ಮನೆಯಲ್ಲಿದ್ದು ಅಲ್ಲಿನ ಹೈಸ್ಕೂಲಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಗಣಿತವೆಂದರೆ ಅವಳಿಗೆ ಪ್ರಾಣ, ಮುಂದೆ ಗಣಿತದ ಟೀಚರೇ ಆಗಬೇಕೆಂಬ ಹಟ. ಆದರೆ ಅಲ್ಲಿನ ಹೆಡ್‌ಮಾಸ್ತರರು ಫೋನಿನಲ್ಲಿ, "ಹುಡುಗಿನ ತಗೋತೀವ್ರಿ. ಗಣಿತ ಮಾತ್ರ ಬ್ಯಾಡ. ಆಕೃತಿ ಹೆಂಗ ಬರೀತಾಳ? ಹತ್ತನೇತ್ತಾಗ ಹೆಂಗೂ ಅದರ ಬದ್ಲಿ ಬ್ಯಾರೆ ವಿಷಯ ತಗೋಬಹುದು, ಈಗಿಂದನ ಬಿಡ್ಲಿ" ಎಂದಿದ್ದರು. ಕೆಟ್ಟವರಲ್ಲ, ಕನಿಕರದವರು. ಕನಿಕರ ಕಂಡರೆ ನನಗೆ ಮೈ ಉರಿಯುತ್ತದೆ. ಹಾಸು, ಚಕ್ರ, ಹುಡುಗಿ ಮೂರನ್ನೂ ಕಟ್ಟಿಕೊಂಡು ಮಾನ್ವಿ ಬಸ್ ಹತ್ತಿದೆ.

ಹೆಡ್‌ಮಾಸ್ತರರ ಕೋಣೆಯಲ್ಲಿ ಚಹಾ ಬಂತು. ಹುಡುಗಿ ಕುಡಿಯಲಿಲ್ಲ, ಹಾಸು ಹರಡಿ ಕೂತಳು.

"ಲಂಬಕೋನ ತ್ರಿಭುಜ ಬರಿಯವ್ವಾ. ಲಂಬಕೋನ ಎಡಗಡಿ ಇರ್ಲಿ," ಎಂದರು ಹೆಡ್‌ಮಾಸ್ತರರು.

ಅವಳು ಉಬ್ಬುಗುರುತಿನ ಸ್ಕೇಲ್ ಹಿಡಿದು ಚಕ್ರ ಎಳೆದಳು. ಕೈ ಎಲ್ಲೂ ತಡವರಿಸಲಿಲ್ಲ. ಹಾಳೆಯ ಮೇಲೆ ಚುಕ್ಕೆಗಳ ಗೀರು ಕಾಣುತ್ತಲೇ ಅವರು ಬಗ್ಗಿ ನೋಡಿದರು.

"ಬಲಗಡಿ ಬರದಿಯಲ್ಲವ್ವಾ. ಉಲ್ಟಾ ಆತು."

"ಹೌದ್ರಿ ಸರ್, ಉಲ್ಟಾ!" ಹುಡುಗಿಯ ಮುಖ ಅರಳಿಬಿಟ್ಟಿತು.

ಅವರು ನನ್ನ ಕಡೆ ತಿರುಗಿ, "ನೋಡ್ರಿ ಮೇಡಂ, ಪಾಪ, ಆಕಿನ ಒಪ್ಕೊಂಡ್ಲು," ಎಂದರು.

ನನಗೆ ನಗು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಬಾಯಿ ತೆರೆಯುವಷ್ಟರಲ್ಲಿ 'ಪಾಪ' ಎಂಬ ಮಾತು ಹುಡುಗಿಗೆ ತಟ್ಟಿತ್ತು. ಅವಳ ಮುಖ ಬಿಗಿಯಾಯಿತು. ಹಾಳೆಯನ್ನು ತಿರುವಿಟ್ಟು, "ಸರ್, ಬೆರಳು ಕೊಡ್ರಿ," ಎಂದಳು. ಅವರು ಗಲಿಬಿಲಿಯಿಂದ ಕೈ ಚಾಚಿದರು. ಅವಳು ಅವರ ತೋರುಬೆರಳನ್ನು ಹಿಡಿದು ಗೆರೆಯ ಮೇಲಿಟ್ಟಳು.

"ಹಗೂರ್ರೀ ಸರ್. ಒತ್ತಿದ್ರ ಅಡಗ್ತದ."

ಅದು ನಾನು ದಿನಾ ತರಗತಿಯಲ್ಲಿ ಹೇಳುವ ಮಾತು, ನನ್ನದೇ ರಾಗದಲ್ಲಿ. ಬೆರಳು ಗೆರೆಗುಂಟ ಇಳಿದು ಮೂಲೆಗೆ ಬಂತು, ಮೂಲೆ ಎಡಕ್ಕಿತ್ತು. ಹೆಡ್‌ಮಾಸ್ತರರು ಇನ್ನೊಮ್ಮೆ ಸವರಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಆ ಚಕ್ರ ಇತ್ತ ಕೊಡವ್ವಾ," ಎಂದರು.

ತಾವೂ ಒಂದು ತ್ರಿಭುಜ ಎಳೆದರು. ಲಂಬಕೋನ ಎಡಕ್ಕೇ ಇಟ್ಟು ಚೊಕ್ಕವಾಗಿ ಎಳೆದು, ಹಾಳೆಯನ್ನು ಅವಳ ಮುಂದೆ ತಳ್ಳಿದರು. ಹುಡುಗಿ ತಿರುವಿ ಬೆರಳಾಡಿಸಿದಳು.

"ಸರ್, ನೀವು ಸೀದಾ ಬರದೀರಿ."

ಶಹಬ್ಬಾಸ್‌ಗಿರಿ ಸಿಕ್ಕಿತೆಂದುಕೊಂಡು ಅವರು ಮೀಸೆಯಲ್ಲೇ ನಕ್ಕರು. ನಾನು ಕೆಮ್ಮಿ ಚಹಾದ ಲೋಟ ಎತ್ತಿಕೊಂಡೆ. ಗಣಿತ ಬಿಡುವ ಮಾತು ಮತ್ತೆ ಬರಲಿಲ್ಲ. "ಜೂನಿನಾಗ ಬರುವಾಗ ಈ ಹಾಸು ತಗೊಂಡ ಬಾ. ನಾನ ಗಣಿತ ಹೇಳ್ತೀನಿ," ಎಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಹುಡುಗಿ ಸರ್ ಎಳೆದ ಹಾಳೆಯ ಮೇಲೆ ಬೆರಳಾಡಿಸುತ್ತ ಕೂತಿದ್ದಳು. ನನಗೆ ಗೆದ್ದ ಖುಷಿಯ ಒಳಗೇ ಹೊಟ್ಟೆಯುರಿ ಇತ್ತು: ಇನ್ನು ಮುಂದೆ ಇವಳ ಹಾಳೆ ಮುಟ್ಟುವ ಬೆರಳು ನನ್ನದಲ್ಲ.

"ಟೀಚರ್, ಸರ್ ತಪ್ಪು ಬರದಾರ ಅಂತ ಅವರಿಗೆ ತಿಳೀತೇನ್ರೀ?"

"ಇಲ್ಲ."

"ಹೇಳಬೇಕಿತ್ತೇನ್ರೀ?"

"ಜೂನಿನಾಗ ನೀನ ಹೇಳು," ಎಂದೆ. "ಹಗೂರ ಹೇಳು. ಒತ್ತಬ್ಯಾಡ."