ನನ್ನ ಸೀಟಿನಲ್ಲಿ ಕೂತ ವೈರ್‌ಲೆಸ್ಸು

ಹಳೆಯದೇ ಚೆಂದ ಎಂದು ಯಾರಾದರೂ ಜೋರಾಗಿ ವಾದಿಸಿದರೆ, ಅದರೊಳಗೆ ಅವರಿಗೆ ಕೂರಲು ಎಲ್ಲೋ ಒಂದು ಜಾಗ ಇದೆಯೆಂದೇ ನನ್ನ ಅನುಮಾನ. ನನಗಂತೂ ಇತ್ತು. ಎರಡೇ ಸೀಟಿನ ಪುಟ್ಟ ವಿಮಾನದಲ್ಲಿ, ಹಿಂದಿನ ಸೀಟು.

ವಿಮಾನ ಬೆಂಗಳೂರಿನ ಒಬ್ಬ ವರ್ತಕರದು. ಅದನ್ನು ಮೈಸೂರಿಗೆ ಹಾರಿಸಿಕೊಂಡು ಹೋಗಿಬರುತ್ತಿದ್ದವನು ಕರೀಮ, ಮದ್ದೂರಿನಲ್ಲಿ ನಮ್ಮ ಬೀದಿಯವನು, ನನ್ನ ಜೊತೆ ಓದಿದವನು. ಎರಡನೇ ಮಹಾಯುದ್ಧಕ್ಕೆ ಹೋಗಿ ವಿಮಾನ ಹಾರಿಸುವುದನ್ನು ಕಲಿತು ಬಂದಿದ್ದ. ವಿಮಾನದಲ್ಲಿ ದಾರಿ ನೋಡಲು ಇದ್ದದ್ದು ಒಂದು ದಿಕ್ಸೂಚಿ. ಅದೂ ಆಗಾಗ ತೂಕಡಿಸುತ್ತಿತ್ತು. ಮಿಕ್ಕಿದ್ದನ್ನು ರೈಲುಕಂಬಿ ನೋಡಿಕೊಳ್ಳುತ್ತಿತ್ತು. ಕಂಬಿ ಹಿಡಿದು ಬಂದರೆ ಮದ್ದೂರು, ಆಮೇಲೆ ಮಂಡ್ಯ. ಅಲ್ಲಿ ಸಕ್ಕರೆ ಕಾರ್ಖಾನೆಯ ಹೊಗೆ ಯಾವ ಕಡೆ ವಾಲಿದೆ ಎಂದು ನೋಡಿದರೆ ಗಾಳಿಯ ಸಮಾಚಾರ ತಿಳಿಯಿತು. ಇನ್ನೇನು ಬೇಕು, ನೀವೇ ಹೇಳಿ.

ಒಂದು ಭಾನುವಾರ ನನ್ನನ್ನೂ ಕರೆದೊಯ್ಯುವ ಮಾತಾಗಿತ್ತು. ಊರಿನ ಮೇಲೆ ಬಂದಾಗ ಕೆಂಪು ಟವಲು ಬೀಸುತ್ತೇನೆಂದು ನನ್ನ ಶಾಲೆಯ ಮಕ್ಕಳಿಗೆಲ್ಲ ಹೇಳಿದ್ದೆ. ಮಳವಳ್ಳಿಯ ಬೀಗರ ಕಿವಿಗೂ ಹಾಕಿದ್ದೆ.

ಅಷ್ಟರಲ್ಲಿ ಮಿಲಿಟರಿಯವರು ಯುದ್ಧಕ್ಕೆ ತರಿಸಿದ್ದ ವೈರ್‌ಲೆಸ್ ಸೆಟ್ಟುಗಳನ್ನು ಮಾರಿದರು. ವರ್ತಕರು ಒಂದು ಕೊಂಡು, ಇಡುವುದೂ ಬಿಡುವುದೂ ನಿನ್ನಿಷ್ಟ ಎಂದು ಕರೀಮನಿಗೆ ಹೇಳಿದರು. ಮೋಡದಲ್ಲಿ ಸಿಕ್ಕಿಕೊಂಡವನು ಅದರಲ್ಲಿ ಕರೆದರೆ, ನೆಲದ ಮೇಲಿರುವವರು ದನಿ ಬಂದ ದಿಕ್ಕು ಹಿಡಿದು ದಾರಿ ಹೇಳುತ್ತಾರಂತೆ. ಬ್ಯಾಟರಿ ಸಮೇತ ಅದು ಹೆಚ್ಚುಕಡಿಮೆ ನನ್ನಷ್ಟೇ ಭಾರ. ಕೂರಿಸಲು ಇದ್ದ ಜಾಗವೂ ನನ್ನದೇ.

ಕರೀಮನ ಮನೆಗೇ ಹೋಗಿ ಭಾಷಣ ಮಾಡಿದೆ. ನಕ್ಷತ್ರ ನೋಡಿಕೊಂಡು ಸಮುದ್ರ ದಾಟಿದ ಹಿರಿಯರನ್ನು ನೆನೆದೆ. ವೈರ್‌ಲೆಸ್ಸಿಲ್ಲದೆ ವರ್ಷವರ್ಷವೂ ಎಲ್ಲಿಂದಲೋ ನಮ್ಮ ಪಕ್ಕದ ಬೆಳ್ಳೂರಿಗೆ ಬಂದು ಸೇರುವ ಕೊಕ್ಕರೆಗಳನ್ನೂ ಸಾಕ್ಷಿಗೆ ಕರೆದೆ. ಕರೀಮ ತಲೆದೂಗಿದ. ಅಕ್ಕಿ ಆರಿಸುತ್ತಿದ್ದ ಅವನ ತಾಯಿ ಮಾತ್ರ ಮೊರದಿಂದ ಕಣ್ಣೆತ್ತದೆ, "ಮೋಡದಾಗೆ ಸಿಕ್ಕಂಡ್ರೆ ನೀನು ದಾರಿ ತೋರ್ಸೀಯೇನಪ್ಪ?" ಎಂದರು. ಅವರಿಗಿದ್ದವನು ಒಬ್ಬನೇ ಮಗ. ಸೆಟ್ಟು ಕೂತಿತು. ನಾನು ಮುಖ ಊದಿಸಿಕೊಂಡು ಮನೆಗೆ ಬಂದೆ.

ಆಷಾಢದ ಒಂದು ಮಧ್ಯಾಹ್ನ ಮೋಡ ತೀರ ಕೆಳಗಿಳಿದಿತ್ತು. ಅದರೊಳಗೆ ಕರೀಮನ ವಿಮಾನದ ಸದ್ದು ಸುತ್ತಿದಲ್ಲೇ ಸುತ್ತುತ್ತಿತ್ತು. ಪಾಠ ಬಿಟ್ಟು ಅಂಗಳಕ್ಕೆ ಓಡಿದೆ. ಅವನಿಗೆ ಕಂಬಿಯೂ ಕಾಣುವಂತಿಲ್ಲ, ಹೊಗೆಯೂ ಕಾಣುವಂತಿಲ್ಲ. ನನಗೆ ಕೊಕ್ಕರೆಗಳ ಮೇಲೆ ವಿಪರೀತ ಸಿಟ್ಟು ಬಂತು. ಸ್ವಲ್ಪ ಹೊತ್ತಿಗೆ ಸದ್ದು ನೇರವಾಗಿ ಬೆಂಗಳೂರಿನ ಕಡೆ ಹೊರಟಿತು.

ಸಂಜೆ ಕರೀಮ ಬಸ್ಸಿನಲ್ಲಿ ಬಂದಿಳಿದ. "ನಾನು ನೆಟ್ಟಗೇ ಓಯ್ತಾ ಇವ್ನಿ ಅಂತ ಅನ್ಕಂಡಿದ್ದೆ ಕಣ್ಲಾ. ಬಲಕ್ಕೆ ತಿರುಗು, ಇನ್ನೂ ಬಲಕ್ಕೆ ಅಂತ ಸೆಟ್ಟಿನಾಗೆ ಅವನ್ಯಾರೋ ಏಳ್ತಾನೇ ಇದ್ದ," ಎಂದ. ನನ್ನ ಮುಖ ನೋಡಿ ಕನಿಕರ ಬಂದಿರಬೇಕು. "ಬ್ಯಾಸರ ಮಾಡ್ಕಬ್ಯಾಡ. ಒಂದಿನ ಸೆಟ್ಟು ಕಿತ್ತಿಟ್ಟು ನಿನ್ನ ಕರ್ಕಂಡೋಯ್ತೀನಿ."

"ಬುಡ್ಲಾ," ಎಂದೆ. "ಅದು ಅಲ್ಲೇ ಕುಂತಿರ್ಲಿ. ಮೈಸೂರ್ಗೆ ನಾನು ಬಸ್ಸಲ್ಲೇ ಬತ್ತೀನಿ."